ಹದಿನಾಲ್ಕು ತೂತಿನ ಗಡಿಗೆ

ಖಾನಾಪುರದ ಕುಂಬಾರಗಲ್ಲಿಯಲ್ಲಿ ದುರ್ಪತೆವ್ವ
ಗಡಿಗೆಯನ್ನು ಬೆರಳ ಗೆಣ್ಣಿನಿಂದ ಬಡಿದು ಕಿವಿ ಕೊಡುತ್ತಾಳೆ.
ಠಣ್ ಎಂದರೆ ಸಂತೆಗೆ.
ಬೊದ್ ಎಂದರೆ ಅಂಗಳದ ಮೂಲೆಗೆ, ಒಡಕು ರಾಶಿಗೆ.
ನಾನು ಹೋಗಿ ನಿಂತದ್ದು ಆ ರಾಶಿಯ ಹತ್ತಿರ.

'ತೂತಿಂದು ಬೇಕಿತ್ತು.'
'ಬುಡಕ್ಕೊಂದು ತೂತು ಎಲ್ಲಾ ಕುಂಡಕ್ಕೂ ಇರತೈತಿ.'
'ಒಂದಲ್ಲ ಯವ್ವಾ. ಬದಿಗೆ, ಸುತ್ತಲೂ. ಹೆಬ್ಬೆರಳು ಹೋಗೂವಷ್ಟು.'
ಆಕೆ ನನ್ನ ಖಾಕಿ ಅಂಗಿಯ ಕಿಸೆ ನೋಡಿದಳು.
'ನೀರಿನ ಆಫೀಸಿನವರು ನೀವು.
ಸೋರೂ ಗಡಿಗಿ ಕೇಳಾಕ ಬಂದೀರಲ್ಲ!'

ನಿಜ.
ಇಪ್ಪತ್ತೊಂಬತ್ತು ವರ್ಷ ಬೆಳಗಾವಿಯ ನೆಲಕ್ಕೆ ಕಿವಿಯಿಟ್ಟವನು ನಾನು.
ವಡಗಾವಿಯ ಮಗ್ಗಗಳು ಮಲಗಿದ ಮೇಲೆ, ನಡುರಾತ್ರಿ,
ಕಬ್ಬಿಣದ ಸಲಾಕೆ ರಸ್ತೆಗೂರಿ, ತುದಿಗೆ ಕಿವಿ ಆನಿಸಿ
ಎಲ್ಲಿ ಸುಸ್ ಎನ್ನುತ್ತದೋ ಅಲ್ಲಿ ಸುಣ್ಣದ ಗೆರೆ ಎಳೆದವನು.
ಬೆಳಗಾದರೆ ಅಗೆತ, ಮುಚ್ಚುವುದು, ಸಹಿ.

ಇಂಥವನ ಕೈಲಿ ಮೊದಲ ಆರ್ಕಿಡ್ ಸತ್ತದ್ದರಲ್ಲಿ ಏನು ಆಶ್ಚರ್ಯ?
ಟಿಳಕವಾಡಿಯ ನರ್ಸರಿಯದು, ಆರುನೂರು ರೂಪಾಯಿ.
ಮಗಳ ಮದುವೆಗೆ ಬಂದ ಪಿಂಗಾಣಿ ಕುಂಡದಲ್ಲಿಟ್ಟೆ,
ಮೈಮೇಲೆ ನೀಲಿ ನವಿಲು, ಹನಿಯೂ ಹೊರಬಿಡದ ಗಟ್ಟಿತನ,
ನಮ್ಮ ಇಲಾಖೆ ಮೆಚ್ಚುವಂಥ ಕುಂಡ.
ದಿನಾ ನೀರೆರೆದೆ. ಎಲೆ ಹಳದಿಯಾಯಿತು. ಇನ್ನಷ್ಟು ಎರೆದೆ.
ಕಿತ್ತರೆ ಬೇರು ಬೆರಳ ಸಂದಿಯಲ್ಲಿ ಗಂಜಿಯ ಹಾಗೆ ಜಾರಿತು.
'ಮುಳುಗಿಸಿ ಕೊಂದ್ರಿ' ಅಂದಳು ಮನೆಯವಳು, ಮೂಗು ಮುಚ್ಚಿಕೊಂಡು.

ಆಮೇಲಿನದು ಪ್ಲಾಸ್ಟಿಕ್ಕಿನ ಪಾರದರ್ಶಕ ಡಬ್ಬಿ.
ಬೇರು ಬೆಳ್ಳಗಿದ್ದರೆ ಬಾಯಾರಿದೆ, ಹಸಿರಾದರೆ ಕುಡಿದಿದೆ.
ಮೀಟರು ಓದಿದಂತೆ ದಿನಾ ಓದಿದೆ.
ಡಬ್ಬಿಯದೇನೂ ತಪ್ಪಿಲ್ಲ,
ಏಪ್ರಿಲ್ಲಿನಲ್ಲಿ ತಗಡಿನ ಕೆಳಗಿಟ್ಟವನದು.

ಈಗಿನದು ಕೊಂಡದ್ದಲ್ಲ.
ಜಾಂಬೋಟಿ ರಸ್ತೆಯಲ್ಲಿ ಗಾಳಿಗೆ ಬಿದ್ದ ಮತ್ತಿಮರದ ಟೊಂಗೆಗೆ
ಅಂಟಿಕೊಂಡೇ ಇತ್ತು ಸೀತಾಳೆ ದಂಡೆ.
ಮರ ಬಿದ್ದ ಸುದ್ದಿ ಅದಕ್ಕಿನ್ನೂ ತಲುಪಿರಲಿಲ್ಲ.
ತೊಗಟೆ ಸಮೇತ ತಂದೆ. ಕಿರುಬೆರಳು ದಪ್ಪದ ಬೇರು,
ಹುಟ್ಟಿದಂದಿನಿಂದ ಮಣ್ಣು ಕಾಣದ ಬೇರು.

ದುರ್ಪತೆವ್ವ ಅದನ್ನು ಅಂಗೈಲಿ ಹಿಡಿದು ತೂಗಿದಳು.
'ಅಂದ್ರ ಇದಕ್ಕ ತುಂಬೂ ಗಡಿಗಿ ಬ್ಯಾಡ. ಆತುಗೊಳ್ಳೂ ಗಡಿಗಿ ಬೇಕು.
ಎಷ್ಟು ದೊಡ್ಡದು?'
ನಾನು ಎರಡೂ ಕೈ ಅಗಲಿಸಿ ತೋರಿಸಿದೆ.
ಆಕೆ ನನ್ನ ಮೊಣಕೈಗಳನ್ನು ಒಳಗೆ ನೂಕಿದಳು,
ನಡುವೆ ಒಂದು ಚೆಂಬು ಹಿಡಿಸುವಷ್ಟು ಜಾಗ ಉಳಿಯುವವರೆಗೆ.

ಹಸಿ ಗಡಿಗೆ, ಸೈಕಲ್ ಪಂಪಿನ ಹಳೇ ನಳಿಗೆ.
ಮೊದಲ ತೂತಿಗೆ ಶಿವಶಿವಾ ಅಂದಳು.
ತಿಗರಿಯ ಬಳಿ ಕೂತ ಗಂಡ ಮುಖ ಆ ಕಡೆ ತಿರುಗಿಸಿದ.
ನಾಲ್ಕನೆಯದಕ್ಕೆ ಸುಮ್ಮನಾದಳು.
ನಾನು ಹನ್ನೆರಡು ಹೇಳಿದ್ದೆ.
ಕೈ ಹದಕ್ಕೆ ಬಂದಿತ್ತು, ಇನ್ನೆರಡು ತಾನೇ ಹಾಕಿದಳು.

ಎಂಟು ದಿನ ಬಿಟ್ಟು ಹೋದೆ. ಆವಿಗೆಯಿಂದ ಇಳಿದಿತ್ತು.
ಬಡಿದಳು. ಠಣ್ ಅಲ್ಲ, ಬೊದ್ ಅಲ್ಲ.
ಇನ್ನೊಮ್ಮೆ ಬಡಿದು ಕಣ್ಣು ಮುಚ್ಚಿ ಕೇಳಿದಳು.
'ಇದರ ದನಿ ನನಗ ಗೊತ್ತಿಲ್ರಿ. ಎಂಬತ್ತು ಕೊಡ್ರಿ.'
ಒಳಗೆ ಹಾಕಲು ಒಡಕು ರಾಶಿಯಿಂದ ಒಂದು ಬೊಗಸೆ,
ಒಲೆಯಿಂದ ಇದ್ದಿಲು, ಅವಕ್ಕೆ ದುಡ್ಡಿಲ್ಲ.

ಅನಗೋಳದ ಮನೆ, ಮೆಟ್ಟಿಲ ಕೆಳಗಿನ ಕೊಕ್ಕೆ.
ಮೊದಲ ಚೆಂಬು ಎರೆದಾಗ ಹದಿನಾಲ್ಕೂ ಕಡೆಯಿಂದ ನೀರು.
ನನ್ನ ಹೆಬ್ಬೆರಳು ತಾನೇ ಎದ್ದು ಒಂದು ತೂತು ಮುಚ್ಚಿತು.
ಅದನ್ನು ತೆಗೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಹೂ ಇನ್ನೂ ಇಲ್ಲ. ಬರಲೇಬೇಕೆಂದೂ ಇಲ್ಲ.
ಮೊನ್ನೆ ಬುಡದ ಹತ್ತಿರದ ತೂತಿನಿಂದ ಒಂದು ಬೇರು ಹಣಕಿದೆ,
ತುದಿ ಹಸಿರು, ಗಡಿಗೆಯ ಹೊರಮೈಗೇ ಅಂಟಿ
ಮೇಲೆ ಹೋಗಲೋ ಕೆಳಗೋ ಎಂದು ಯೋಚಿಸುತ್ತಿದೆ.

ಗೋಡೆಯಾಚೆಯಿಂದ ಚೌಗುಲೆ ಮಾವಶಿ ಕೂಗುತ್ತಾಳೆ:
'ನಿಮ್ಮ ಮನ್ಯಾಗ ಎಲ್ಲೋ ನೀರು ಸೋರಾಕತ್ತೈತಿ ನೋಡ್ರಿ!'

ಹೌದ್ರಿ, ಅಂದೆ. ಸೋರಾಕತ್ತೈತಿ.