ಕೋರಂ

ಬೇಕರಿಯ ಮಾಳಿಗೆಗೆ ಹದಿನೇಳು ಮೆಟ್ಟಿಲು,
ಹನ್ನೊಂದನೆಯದು ಸಡಿಲ.
ಹಳಬರು ಅದನ್ನು ಬಿಟ್ಟು ಹನ್ನೆರಡಕ್ಕೆ ಕಾಲಿಡುತ್ತಾರೆ.
ಹೊಸಬರು ಬಂದರೆ ನಮಗೆ ಸದ್ದಿನಿಂದಲೇ ಗೊತ್ತು.
ಎರಡು ವರ್ಷದಿಂದ ಅದು ಸದ್ದು ಮಾಡಿರಲಿಲ್ಲ.

ಉಪ್ಪಳ. ಗುರುವಾರ. ಏಳೂವರೆ ಎಂದರೆ ಎಂಟು.
ಗಂಟೆಯ ಬಡಿಗೆ ಎಲ್ಲಿಯೋ ಕಳೆದುಹೋಗಿ
ಅಧ್ಯಕ್ಷರು ಸ್ಪ್ಯಾನರಿನಿಂದ ಬಡಿಯುತ್ತಾರೆ,
ಅವರದ್ದು ಟಯರಿನ ಅಂಗಡಿ.
ನಾನು ಕಾರ್ಯದರ್ಶಿ. ಎದುರು ಸಾಲಿನಲ್ಲಿ ಜೆರಾಕ್ಸ್ ಮೆಷಿನ್ ಆರಿಸಿ
ಬೆರಳಿನ ಕಪ್ಪು ಸೆರಗಿಗೆ ತಾಗದ ಹಾಗೆ
ನಡಾವಳಿಯ ಪುಸ್ತಕ ಹಿಡಿದು ಹತ್ತುತ್ತೇನೆ.

ಅದನ್ನು ಯಾವ ಭಾಷೆಯಲ್ಲಿ ಬರೆಯುವುದೆಂದು
ತೊಂಬತ್ತಾರರಲ್ಲಿ ಮೂರು ಗುರುವಾರ ಜಗಳವಾಗಿತ್ತಂತೆ.
ತೀರ್ಮಾನ: ಬರೆಯುವವರ ಭಾಷೆ.
ನಾನು ಬರೆಯುತ್ತೇನೆ, ಹಾಗಾಗಿ ಕನ್ನಡ.
ಜಗಳಕ್ಕೆ ತುಳು, ಲೆಕ್ಕಕ್ಕೆ ಕೊಂಕಣಿ, ನಗೆಗೆ ಮಲಯಾಳ,
ಮೊಯ್ದೀನ್ ಕುಂಞಿಯವರು ಫೋನಿನಲ್ಲಿ ಹೆಂಡತಿಗೆ
‘ಇದೋ, ಹೊರಟೆ’ ಎನ್ನುವುದು ಬ್ಯಾರಿಯಲ್ಲಿ,
ಹೊರಡುವುದು ಮತ್ತೆ ಒಂದು ಗಂಟೆ ಕಳೆದು.
ಇವೆಲ್ಲ ಪುಸ್ತಕಕ್ಕೆ ಬರುವುದಿಲ್ಲ.

ಬರುವುದು ಇಷ್ಟು:
ಗಾಲಿಕುರ್ಚಿ ಮೂರು, ಎರಡು ಹೊರಗೆ.
ನೀರಿನ ಹಾಸಿಗೆ ಒಂದು, ಅದಕ್ಕೆ ತೂತು ಒಂದು.
ಆಕ್ಸಿಜನ್ ಸಿಲಿಂಡರು ಪೈವಳಿಕೆಯ ಒಂದು ಮನೆಯಲ್ಲಿ.
ಆ ಮನೆಯಿಂದ ಫೋನಿಲ್ಲ.
ಕೇಳಿ ತರುವವರು ಯಾರು? ಕೇಳುವುದಾದರೂ ಹೇಗೆ?
‘ಮುಂದಿನ ವಾರಕ್ಕೆ’ ಎಂದು ಬರೆದೆ.
ಹೀಗೆ ಆರು ಮುಂದಿನ ವಾರ.

ಎಂಟೂಕಾಲಕ್ಕೆ ಗಾಡಿ.
ಕಿಟಕಿಯ ಸರಳು, ಗ್ಲಾಸಿನ ಚಮಚ,
ಗೋಡೆಯ ಮೇಲಿನ ಮಾಜಿ ಅಧ್ಯಕ್ಷರು, ಎಲ್ಲರೂ ನಡುಗುತ್ತಾರೆ.
ಮಾತು ಎಲ್ಲಿತ್ತೋ ಅಲ್ಲೇ ನಿಲ್ಲಬೇಕು.
ಕೊನೆಯ ಬೋಗಿ ದಾಟುವಾಗ
ಏನು ಹೇಳುತ್ತಿದ್ದೆನೆಂದು ಹೇಳುವವರಿಗೇ ಮರೆತಿರುತ್ತದೆ.
ಎಷ್ಟೋ ಜಗಳ ಹಾಗೆ ಮುಗಿದಿದೆ.

ಆ ಗುರುವಾರ ಏಳೇ ಜನ.
ಎಂಟಿಲ್ಲದೆ ಸಭೆಯಿಲ್ಲ, ನಿಯಮ ನಾಲ್ಕು, ಉಪನಿಯಮ ಎರಡು.
ಲಿಲ್ಲಿ ಕ್ರಾಸ್ತಾಗೆ ರಾತ್ರಿ ಪಾಳಿ,
ರತ್ನಾಕರ ಮಲ್ಯರಿಗೆ ಮೊಣಕಾಲು,
ಬೆಳ್ಚಪ್ಪಾಡರು ಫೋನು ಎತ್ತುವುದಿಲ್ಲ.
ಹೊಸ ಹಾಸಿಗೆಯ ದುಡ್ಡಿಗೆ ಒಪ್ಪಿಗೆ ಇವತ್ತೇ ಬೇಕು.

ಆಗ ಹನ್ನೊಂದನೆಯ ಮೆಟ್ಟಿಲು ಕಿರುಗುಟ್ಟಿತು.

ಚಾಯದ ತಟ್ಟೆ, ಪಳಂಪೊರಿ, ಅವುಗಳ ಹಿಂದೆ ಒಬ್ಬ ಹುಡುಗ.
ಮಂಗಳವಾರವಷ್ಟೇ ಕೆಳಗೆ ಕೆಲಸಕ್ಕೆ ಸೇರಿದವ,
ಒಡಿಶಾದ ಕಡೆಯವನಂತೆ.
‘ಕೂತ್ಕೊ’ ಎಂದರು ಅಧ್ಯಕ್ಷರು, ಮತ್ತೆ ನೆನಪಾಗಿ ‘ಬೈಠೋ’.
ಹಾಜರಿ ಪುಟವನ್ನು ಅವನತ್ತ ನೂಕಿದೆ.
ತಟ್ಟೆಯನ್ನು ಎಲ್ಲಿಡುವುದೆಂದು ನೋಡಿ, ನೆಲಕ್ಕಿಟ್ಟು,
ಕೈಯನ್ನು ಅಂಗಿಗೆ ಎರಡು ಸಲ ಒರಸಿ
ಸಹಿ ಹಾಕಿದ. ಅಕ್ಷರ ನಮ್ಮದರ ಹಾಗೆಯೇ ದುಂಡಗೆ,
ಓದಲು ಮಾತ್ರ ಬರುವುದಿಲ್ಲ.
ನಿಯಮವೇನೂ ಮುರಿಯಲಿಲ್ಲ: ಬರೆಯುವವರ ಭಾಷೆ.
‘ಎಂಟು’ ಎಂದೆ. ಸ್ಪ್ಯಾನರು ಗಂಟೆಗೆ ಬಿತ್ತು.

ಹಾಸಿಗೆಗೆ ನಾವು ಕೈ ಎತ್ತಿದಾಗ
ನಮ್ಮನ್ನು ನೋಡಿ ಅವನೂ ಎತ್ತಿದ,
ಮೊಣಕೈ ತನಕ ಮೈದಾ.
ಸರ್ವಾನುಮತ.

ಆಮೇಲೆ ದಂಡದ ಡಬ್ಬಿ, ಅದು ನಂಬ್ಯಾರರ ಖಾತೆ.
ಫೋನು ಕೂಗಿದ್ದಕ್ಕೆ ಐದು, ಹೊಸ ಚಪ್ಪಲಿಗೆ ಹತ್ತು,
ಮೊಮ್ಮಗಳು ಪಾಸಾದದ್ದಕ್ಕೆ ಐವತ್ತು.
ಹುಡುಗನಿಗೆ, ಕಾರಣವಿಲ್ಲದೆ ನಕ್ಕದ್ದಕ್ಕೆ, ಒಂದು ರೂಪಾಯಿ.
ತಮಾಷೆ ಎಂದು ಅವನಿಗೆ ಯಾವ ಭಾಷೆಯಲ್ಲಿ ಹೇಳುವುದು?
ಒಳಕಿಸೆಯಿಂದ ಹತ್ತರ ನೋಟು ತೆಗೆದ,
ಮಡಿಕೆ ಬಿಡಿಸಿ ಡಬ್ಬಿಗೆ ಹಾಕಿದ,
ಚಿಲ್ಲರೆಗೆ ಕಾದು ನಿಂತ.
ಒಂಬತ್ತು ರೂಪಾಯಿ ಹುಡುಕಲು
ಏಳು ಜನ ಡಬ್ಬಿಗೆ ಬಗ್ಗಿದೆವು.

ಮುಂದಿನ ಗುರುವಾರ ಹನ್ನೊಂದು ಮಂದಿ,
ಬೆಳ್ಚಪ್ಪಾಡರೂ ಬಂದಿದ್ದರು.
ಚಾಯ ಯಾವಾಗ ಬಂತೆಂದು ಯಾರಿಗೂ ತಿಳಿಯಲಿಲ್ಲ,
ಮೆಟ್ಟಿಲು ಸದ್ದು ಮಾಡಿರಲಿಲ್ಲ.
ಸಿಲಿಂಡರಿನ ವಿಷಯ:
ಮುಂದಿನ ವಾರಕ್ಕೆ.