ಎಂಟೂವರೆ

ಮಂಡ್ಯದ ವಿ.ವಿ. ರಸ್ತೆಯಲ್ಲಿ ಬಳೆಯಂಗಡಿ ದಾಟಿ
ಮೂರು ಮೆಟ್ಟಿಲಿಳಿದರೆ ನಮ್ಮಂಗಡಿ.
ಹೊಸ ಚರ್ಮದ ವಾಸನೆ, ಗೋಂದಿನ ವಾಸನೆ,
ಓನರ್ ಹಚ್ಚಿಟ್ಟ ಊದುಬತ್ತಿ.
ಹತ್ತೊಂಬತ್ತು ವರ್ಷ ಈ ಗಿಡ್ಡ ಸ್ಟೂಲಿನ ಮೇಲೆ ಕೂತು
ಗಂಡಸರನ್ನು ಕೆಳಗಿನಿಂದ ಓದಿಕೊಂಡು ಬಂದವಳು ನಾನು.

"ಅಯ್ಯೋ, ನೀವು ಮುಟ್ಟಬೇಡಿ ಕಣಮ್ಮ, ನಾನೇ ಹಾಕ್ಕೋತೀನಿ"
ಅಂತ ಕಾಲು ಹಿಂದಕ್ಕೆಳೆದುಕೊಳ್ಳುತ್ತಾರೆ.
ಮುಟ್ಟದೆ ಹೇಗೆ ಸ್ವಾಮಿ ಅಳತೆ?
ಕಾಲುಚೀಲದ ತೂತಿನಿಂದ ಇಣುಕಿದ ಹೆಬ್ಬೆರಳು
ಮಡಚಿಕೊಳ್ಳಲು ಜಾಗ ಹುಡುಕುತ್ತದೆ.
ನಾನು ಆಗ ಡಬ್ಬಿಯ ಮೇಲಿನ ಬೆಲೆ ಓದುತ್ತಿರುತ್ತೇನೆ.

ಕೇಳಿದರೆ ಹೇಳುತ್ತೇನೆ:
ಇಂಟರ್‌ವ್ಯೂಗೆ ಕಪ್ಪು, ಲೇಸಿನದು, ಕಿರ್ ಎನ್ನದ್ದು.
ಮೂರು ದಿನ ಮನೆಯೊಳಗೇ ಹಾಕಿಕೊಂಡು ಓಡಾಡಿ,
ಹೆಂಡತಿ ಬೈದರೆ ಬೈಸಿಕೊಳ್ಳಿ.
ಪರರ ಮದುವೆಗೆ, ಛತ್ರದ ಬಾಗಿಲಲ್ಲಿ ಬಿಟ್ಟು
ಪಾಯಸ ಬರುವ ಹೊತ್ತಿಗೆ ನೆನಪೇ ಆಗದಂಥದ್ದು.
ಭಾಗದ ಕೇಸಿಗೆ ಕೋರ್ಟು ಹತ್ತುವವರು
ಹಳೆಯದಕ್ಕೇ ಹೊಸ ಅಟ್ಟೆ ಹೊಡೆಸಿಕೊಳ್ಳಿ,
ಅಣ್ಣತಮ್ಮಂದಿರು ನಿಮ್ಮ ಕಾಲನ್ನೇ ನೋಡುತ್ತಿರುತ್ತಾರೆ.
ಸಾವಿನ ಮನೆಗೆ ಲೇಸು ಬೇಡ.
ಹೊಸಿಲಲ್ಲಿ ಬಗ್ಗಿ ಗಂಟು ಬಿಚ್ಚುತ್ತ ನಿಂತರೆ
ಒಳಗಿನ ಅಳು ನಿಮಗೆ ಕಾಯುವುದಿಲ್ಲ.
ಹೆಣ್ಣು ನೋಡಲು ಹೋಗುವಾಗ
ಷೂ ಯಾವುದಾದರೂ ಆಗಲಿ, ಕಾಲುಚೀಲ ಹೊಸದಿರಲಿ.
ತಲೆ ತಗ್ಗಿಸಿದವಳು ನೋಡುವುದು ಅದನ್ನೇ.
ಒಬ್ಬನ ಹಸಿರು ಕಾಲುಚೀಲ ನನಗೆ ಇವತ್ತಿಗೂ ನೆನಪಿದೆ;
ಮುಖ ಮರೆತಿದ್ದೇನೆ.

ಹೊಳಲಿನ ಬೋರಲಿಂಗಯ್ಯನವರದು ಎಂಟೂವರೆ.
ಸಕ್ಕರೆ ಫ್ಯಾಕ್ಟರಿಯ ತೂಕದ ಮನೆಯಲ್ಲಿ ಗುಮಾಸ್ತರು.
ಎಂಟು ಬಿಗಿ, ಒಂಬತ್ತು ಸಡಿಲ.
ನಮಗೆ ಬರುವ ಮಾಲಿನಲ್ಲಿ ಅರ್ಧದ ಅಳತೆಯಿಲ್ಲ.
"ಲಾರಿಗಟ್ಟಲೆ ಕಬ್ಬನ್ನ ಕೆಜಿ ಬಿಡದೆ ತೂಗ್ತೀನಿ,
ನನ್ನ ಕಾಲಿಗೇ ಲೆಕ್ಕ ಹತ್ತಲ್ವಲ್ಲವ್ವ" ಅಂತ ನಗುತ್ತಿದ್ದರು.
ಮಗಳ ಮದುವೆಗೆ ಎಂಟು ಕೊಂಡರು;
ಧಾರೆಯ ಹೊತ್ತಿಗೆ ಬರಿಗಾಲು, ಬಚಾವಾದರು.
ಬಡ್ತಿ ಬಂದಾಗ ಒಂಬತ್ತು, ಮೂತಿಗೆ ಹತ್ತಿ ತುರುಕಿ.
ನಿವೃತ್ತಿಯ ದಿನಕ್ಕೆ ಮತ್ತೆ ಎಂಟು.
ಫೋಟೋ ತಂದು ತೋರಿಸಿದರು: ಹಾರ, ಶಾಲು,
ನಗು, ನಗುವಿನೊಳಗೆ ಕಚ್ಚಿಕೊಂಡ ಹಲ್ಲು.

ಆಮೇಲೆ ಸಕ್ಕರೆ ಕಾಯಿಲೆ.
ಡಾಕ್ಟರ ಚೀಟಿ ಹಿಡಿದು ಬಂದರು:
ಮೆತ್ತನೆಯ ಅಟ್ಟೆ, ಅಗಲ ಮೂತಿ, ಒಳಗೆ ಹೊಲಿಗೆ ತಾಕಕೂಡದು.
ಬೂದು ಬಣ್ಣದ್ದು, ಹರಿಗೋಲಿನ ಹಾಗೆ.
"ಇದನ್ನ ಯಾತಕ್ಕೆಲ್ಲ ಹಾಕ್ಕೋಬೇಕು?"
"ಎಲ್ಲದಕ್ಕೂ ಸಾರ್."
ಅವತ್ತು ಚೌಕಾಸಿ ಮಾಡಲಿಲ್ಲ ಅವರು.

ಮೊನ್ನೆ ಗುರುವಾರ, ಮಧ್ಯಾಹ್ನ, ಕರೆಂಟಿಲ್ಲ.
ಗೋಡೆ ಹಿಡಿದು ಮೂರು ಮೆಟ್ಟಿಲಿಳಿದು ಬಂದರು.
"ಕಪ್ಪು. ಲೇಸಿನದು. ಹೊಳೆಯೋದು."
ಏನು ವಿಶೇಷ, ಅಂದೆ.
"ಏನೂ ಇಲ್ಲ. ಸಂಜೆ ಸ್ಟೇಷನ್ನಿನ ತನಕ ನಡೆದು
ಮೈಸೂರು ಪ್ಯಾಸೆಂಜರ್ ಬರೋದು ನೋಡಿ ವಾಪಸ್ ಬರೋಕೆ."
ಚೀಟಿಯ ನೆನಪು ಮಾಡಿದೆ.
"ಅದು ಮನೇಲದೆ" ಅಂದರು, ಮಾತು ಮುಗಿಸುವವರ ಹಾಗೆ.

ಬಲಗಾಲಲ್ಲಿ ಹೆಬ್ಬೆರಳಿಲ್ಲ, ಪಕ್ಕದ್ದೂ ಇಲ್ಲ.
ಈ ಸಲ ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ.
ಹಿಮ್ಮಡಿ ಅಂಗೈಯಲ್ಲಿಟ್ಟುಕೊಂಡೆ,
ನಾನು ಹಿಡಿದದ್ದು ಅದಕ್ಕೆ ತಿಳಿದ ಹಾಗಿರಲಿಲ್ಲ.
ಎಂಟು ಹಾಕಿದೆ. ಹೊಲಿಸಿದ ಹಾಗೆ ಕೂತಿತು.
"ನೋಡ್ದಾ" ಅಂದರು.
ಎಡಕ್ಕೆ ಒಂಬತ್ತು. ಸ್ವಲ್ಪ ಹತ್ತಿ.
ಲೇಸನ್ನು ಸಡಿಲವಾಗಿ ಕಟ್ಟಿದೆ, ಬಿಚ್ಚುವವರು ಯಾರೋ ಏನೋ ಅಂತ.

ಈಗ ಸ್ಟೂಲಿನ ಕೆಳಗೊಂದು ಡಬ್ಬಿಯಿದೆ.
ಓನರಿಗೆ ಇನ್ನೂ ಹೇಳಿಲ್ಲ.
ಎಡ ಎಂಟು, ಬಲ ಒಂಬತ್ತಿನ ಗಂಡಸೊಬ್ಬ
ಮದ್ದೂರಿನಲ್ಲೋ ಪಾಂಡವಪುರದಲ್ಲೋ
ಯಾವುದೋ ಮದುವೆಗೆ ಹೊರಟು ನಿಂತು
ಚಪ್ಪಲಿಯಲ್ಲೇ ಹೋಗಲಾ ಅಂತ ಕೇಳುತ್ತಿರಬೇಕು.