ಕಳೆ

ಸೈಕಲ್ ರಿಪೇರಿಯ ಮಕಿಹಾರ
ಯಾರದೋ ಹಿತ್ತಲಿನಿಂದ ತಂದದ್ದು ಬೆರಳುದ್ದದ ಕಡ್ಡಿ,
ಒದ್ದೆ ಪೇಪರಿನಲ್ಲಿ ಸುತ್ತಿ, ಅಂಗಿಯ ಜೇಬಿನಲ್ಲಿ.
ಫುಜಿಬಾಕಾಮಾ.
ಹೊಳೆದಂಡೆಗೆ ಸಿಮೆಂಟು ಬಂದಮೇಲೆ
ಅದಕ್ಕೆ ಸ್ವಂತ ಊರಿಲ್ಲ.

ಗ್ರೀಸಿನ ಹಳೆ ಡಬ್ಬಿಯ ತಳಕ್ಕೆ ತೂತು ಹೊಡೆದ,
ನಲವತ್ತು ವರ್ಷ ತೂತು ಮುಚ್ಚಿಯೇ ಉಂಡವನು.

ಮೊದಲ ವರ್ಷ ಬರೀ ಎಲೆ.
ಎದುರುಮನೆಯ ಒಕುಯೆ ಅಮ್ಮ
ಬಾಗಿಲಿಗೆ ನೀರು ಚಿಮುಕಿಸುತ್ತ
‘ಕಳೆಗೂ ಒಂದು ಕುಂಡವೇ’ ಎಂದರು.
ಸಿಟ್ಟಿನಿಂದಲ್ಲ.
ಕ್ಯೋತೊದ ಆ ಓಣಿಯಲ್ಲಿ ಸಿಟ್ಟನ್ನೂ
ಹಾಗೆ ಸೌಟಿನಲ್ಲಿ, ಹನಿಹನಿಯಾಗಿ.

ಮರುವರ್ಷ ಹೂವು.
ಹೂವೆಂದರೆ, ಒಗೆದೊಗೆದು ಬಣ್ಣ ಬಿಟ್ಟ ನೇರಳೆ ಬಟ್ಟೆಯ
ಅಂಚು ಬಿಚ್ಚಿ ಎಳೆಯೆಳೆಯಾದ ಹಾಗೆ.
ಮೂಗಿಟ್ಟ. ಪರಿಮಳವಿಲ್ಲ.
ಅವನದೇ ಬೆರಳಿನ ರಬ್ಬರು ವಾಸನೆ.

ಅಕ್ಟೋಬರ್ ಒಂಬತ್ತು.
ಪಂಕ್ಚರಿಗೆಂದು ಕಾಯುತ್ತಿದ್ದ ಚಿಜುಕ ಕೂಗಿದಳು:
‘ತಾತ, ಈ ಚಿಟ್ಟೆಯ ಮೇಲೆ ಅಕ್ಷರ!’
ತಿಳಿನೀಲಿ ಗಾಜಿನಂಥ ರೆಕ್ಕೆ,
ಅದರ ಮೇಲೆ ಯಾರದೋ ಅವಸರದ ಕೈಬರಹ:
ನಾಗಾನೊ, ಆಗಸ್ಟ್ ಇಪ್ಪತ್ತು, ನೂರ ಹದಿನಾಲ್ಕು.

ಬೆಟ್ಟದ ಮೇಲೆ ಯಾರೋ ಹಿಡಿದು, ಬರೆದು, ಬಿಟ್ಟಿದ್ದಾರೆ.
ನಡುವಿನ ಐವತ್ತು ದಿನ,
ಎರಡು ಬಿರುಗಾಳಿ, ಲಾರಿಗಳ ಹೆದ್ದಾರಿ,
ಅದನ್ನು ಯಾರೂ ಬರೆದಿಲ್ಲ.

‘ನಾವೂ ಬರೆಯೋಣ.’
ಪೆನ್ನಿನ ಮುಚ್ಚಳ ಆಗಲೇ ಅವಳ ಹಲ್ಲಿನಲ್ಲಿ.
ಮಕಿಹಾರ ತನ್ನ ಕೈ ನೋಡಿಕೊಂಡ.
ಚಕ್ರದ ಕಡ್ಡಿಯ ಬಿಗಿಯನ್ನು ಕಿವಿಯಿಂದಲೇ ಅಳೆಯುವವನು
ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಸೌಟು ಕೆಳಗಿಟ್ಟದ್ದು ಕೇಳಿಸಿತು.
ಒಕುಯೆ ಅಮ್ಮ ಓಣಿ ದಾಟಿ ಬಂದರು,
ಕೈ ಒರೆಸಿಕೊಳ್ಳುತ್ತ.
ಮಗ್ಗದ ಮುಂದೆ ಚಿನ್ನದೆಳೆ ಹಿಡಿದು ಸವೆದ ಎರಡು ಬೆರಳು;
ಮಡಚಿದ ರೆಕ್ಕೆ ಅವುಗಳ ನಡುವೆ
ಮಿಸುಕಲೂ ಇಲ್ಲ.

ಹುಡುಗಿ ಬರೆದಳು. ಅಕ್ಷರ ಸೊಟ್ಟಗಾಯಿತು.
ಬಿಟ್ಟರೆ, ಹಾರಿಹೋಗಲಿಲ್ಲ ಅದು.
ಅದೇ ಹೂವಿನ ಮೇಲೆ ಮತ್ತೆ ಕೂತಿತು.
ಕುಡಿಯುವುದು ಇನ್ನೂ ಬಾಕಿಯಿತ್ತು.

ಹೋದದ್ದು ಯಾವಾಗಲೋ.
ಪಂಕ್ಚರಿನ ದುಡ್ಡು ಕೇಳುವುದೂ ಮರೆತುಹೋಯಿತು.

ನವೆಂಬರಿನಲ್ಲಿ ಕಡ್ಡಿ ಕತ್ತರಿಸಿ
ಬ್ರೇಕ್ ವೈರುಗಳ ಪಕ್ಕ ತೂಗುಹಾಕಿದ.
ಒಣಗುತ್ತ ಒಣಗುತ್ತ ಅದಕ್ಕೆ ಮಾತು ಬಂತು:
ಚೆರ್ರಿ ಎಲೆಯಲ್ಲಿ ಸುತ್ತಿಟ್ಟ ಸಿಹಿಯ ಘಮ
ಗ್ರೀಸನ್ನೂ ದಾಟಿ, ಓಣಿಯನ್ನೂ ದಾಟಿ.

‘ಏನದು ಪರಿಮಳ?’
‘ಕಳೆ’ ಎಂದ ಮಕಿಹಾರ.
ಒಕುಯೆ ಅಮ್ಮನ ಮುಖಕ್ಕೆ ಅದು ಬಂತು.

ನನಗೂ ಒಂದು ಕಡ್ಡಿ ಕೊಡು ಎಂದು
ಅವರು ಕೇಳಲಿಲ್ಲ, ಕೇಳುವವರೂ ಅಲ್ಲ.
ಮರುದಿನ ಅಂಗಡಿಯ ಬಾಗಿಲಲ್ಲಿ
ಬಿಸ್ಕತ್ತಿನ ಖಾಲಿ ಡಬ್ಬಿಯೊಂದು ಕೂತಿತ್ತು,
ತಳದಲ್ಲಿ
ಆಗಲೇ ಹೊಡೆದ ಮೂರು ತೂತು.